ಮೇಷ್ಟರ ಸೋಮವಾರ

ತುಂಗಭದ್ರೆಯ ದಡದಲ್ಲಿ, ಹರಿಹರದಿಂದ ಕೆಳಗೆ, ಕರೆಗಲ್ಲು ಕಡವು ಎಂಬ ಹೊಳೆಗಟ್ಟೆ ಇತ್ತು. ಅಲ್ಲಿ ಹರಿಗೋಲು ಹಾಕುತ್ತಿದ್ದವನು ಅಂಬಿಗರ ಕಲ್ಲಯ್ಯ. ಆಳು ಗಿಡ್ಡ, ತೋಳು ಒನಕೆ. ಒಂದು ಮುಂಗಾರಿನಲ್ಲಿ ಹೊಳೆ ದಡ ಮೀರಿ ಹರಿಯುತ್ತಿದ್ದಾಗ ಮದುವೆಯ ದಿಬ್ಬಣವೊಂದು ಬಂದು ನಿಂತಿತು. ಮುಹೂರ್ತ ಮೀರುತ್ತದೆ, ಎಲ್ಲರನ್ನೂ ಒಂದೇ ಸಲಕ್ಕೆ ತುಂಬು ಎಂದು ಬೀಗರು ಗದರಿದರು. "ಮುಹೂರ್ತ ನಿಮ್ಮ ಮಾತು ಕೇಳಬಹುದು ಗೌಡ್ರೇ, ಹೊಳಿ ಕೇಳಂಗಿಲ್ಲ" ಎಂದ ಕಲ್ಲಯ್ಯ, ಐದು ಸರತಿಯಲ್ಲಿ ದಾಟಿಸಿದ. ಅವನದೊಂದು ಕಟ್ಟುಪಾಡಿತ್ತು: ಕೂಸಿದ್ದವರು ಮೊದಲು, ಮುದುಕರು ಆಮೇಲೆ, ಬಾಯಿ ಮಾಡುವವರು ಕಡೆಗೆ. ಅಂದು ಮದುಮಗನ ಅಪ್ಪ ದಾಟಿದ್ದು ಐದನೆಯ ಸರತಿಯಲ್ಲಿ.

ಕಲ್ಲಯ್ಯನ ಸೊಸೆ ಕಾಳಮ್ಮ. ಗಂಡ ಚಳಿಜ್ವರ ಹಿಡಿದು ಮಲಗಿದ್ದ ಒಂದು ಶ್ರಾವಣದಲ್ಲಿ ದಿನ ತುಂಬಿದ ಬಸುರಿಯೊಬ್ಬಳನ್ನು ಆಚೆ ದಡದ ಆಸ್ಪತ್ರೆಗೆ ಸಾಗಿಸಬೇಕಾಯಿತು. ಕಾಳಮ್ಮ ಸೀರೆಗೆ ಕಚ್ಚೆ ಹಾಕಿ ಹುಟ್ಟು ಹಿಡಿದಳು. ಜೊತೆಗಿದ್ದ ಇಬ್ಬರು ಗಂಡಸರು "ಕೊಡವ್ವ ಇತ್ಲಾಗೆ" ಎಂದು ಕೈ ಚಾಚಿದರೂ ಕೊಡಲಿಲ್ಲ. ನಡುಹೊಳೆಯ ಸುಳಿ ದಾಟುವ ಹೊತ್ತಿಗೆ ಅಂಗೈ ಸುಲಿದು ಹುಟ್ಟಿನ ಹಿಡಿ ಕೆಂಪಾಗಿತ್ತು. ಆ ಬಸುರಿಯ ಮಗ ಮುಂದೆ ಶಾಲಾ ಮೇಷ್ಟರಾಗಿ, ಕಾಳಮ್ಮ ಕಂಡಲ್ಲೆಲ್ಲ ಕಾಲು ಮುಟ್ಟುತ್ತಿದ್ದ.

ಸೇತುವೆ ಬಂದ ಮೇಲೆ ಹರಿಗೋಲು ಹಿತ್ತಲಲ್ಲಿ ಮಗುಚಿಬಿದ್ದು ಕೋಳಿಗೂಡಾಯಿತು. ಕಾಳಮ್ಮನ ಮಗ ಗೋಪಾಲಪ್ಪ ಸರಕಾರಿ ಬಸ್ಸಿನ ಕಂಡಕ್ಟರಾದ. ಮೂವತ್ತೊಂದು ವರ್ಷದ ಚಾಕರಿಯಲ್ಲಿ ತಲೆ ಎಣಿಸದೆ ಸೀಟಿ ಊದಿದವನಲ್ಲ. ಜನರನ್ನು ದಾಟಿಸುವ ಈ ವಂಶದ ನಾಲ್ಕನೆಯ ತಲೆಮಾರೇ ಸಿಡ್ನಿಯ ಗಿರಾವೀನ್ ಬಡಾವಣೆಯ ಜಯಲಕ್ಷ್ಮಿ.

ಗೋಪಾಲಪ್ಪನ ಈ ಮಗಳು ಹರಿಹರದಲ್ಲಿ ಬಿ.ಕಾಂ. ಮುಗಿಸಿ, ಮೈಸೂರಿನ ಪ್ರಮೋದನ ಕೈ ಹಿಡಿದು, ತೊಂಬತ್ತಾರರಲ್ಲಿ ಮೆಲ್ಬರ್ನಿಗೆ ಬಂದಿಳಿದಳು. ಕಂಕುಳಲ್ಲಿ ಮೂರು ವರ್ಷದ ನಿವೇದಿತಾ. ಅಲ್ಲಿ ಬಿಸ್ಕತ್ತಿನ ಕಾರ್ಖಾನೆಯೊಂದರಲ್ಲಿ ಪೊಟ್ಟಣ ಕಟ್ಟುವ ಕೆಲಸ ಸಿಕ್ಕಿತು. ದಿನಾ ಬೆಳಗ್ಗೆ ಹತ್ತುತ್ತಿದ್ದ ಟ್ರಾಮನ್ನು ನರೆಗೂದಲ ಹೆಂಗಸೊಬ್ಬಳು ಓಡಿಸುತ್ತಿದ್ದಳು. ಒಂದು ಕೈ ಹಿಡಿಯ ಮೇಲೆ, ಇನ್ನೊಂದು ಕೈಯಲ್ಲಿ ಚಹಾದ ಲೋಟ, ಹಿಂದೆ ನೂರು ಜನ. ಜಯಲಕ್ಷ್ಮಿಗೆ ತನ್ನ ಅಜ್ಜಿಯೇ ಕುಳಿತಂತೆ ಕಂಡಿತು. ಪ್ರಮೋದನಿಗೆ ಸಿಡ್ನಿಯ ಮ್ಯಾಕ್ವೆರಿ ಪಾರ್ಕಿನಲ್ಲಿ ಕಂಪ್ಯೂಟರ್ ಕೆಲಸ ಸಿಕ್ಕಿ ಗಿರಾವೀನಿಗೆ ಬಂದ ಮೇಲೆ, ಮಗ ಅಜಯ್ ನಡೆಯಲು ಕಲಿತ ಮೇಲೆ, ಹೋಗಿ ಬಸ್ಸಿನ ಲೈಸೆನ್ಸ್ ತೆಗೆದುಕೊಂಡು ಬಂದಳು.

ಅಲ್ಲಿಯ ಕನ್ನಡ ಸಂಘದ ಊಟದಲ್ಲಿ ಒಂದಿಬ್ಬರು ಮೂಗು ಮುರಿದರು. "ಬಿ.ಕಾಂ. ಓದಿ ಬಸ್ಸಾ ಜಯಾ?"

"ಯಾಕ್ರೀ, ಓದಿದೋರು ಓಡಿಸಿದ್ರೆ ಬಸ್ಸು ಹಿಂದಕ್ಕೆ ಹೋಗ್ತತೇನು?" ಎಂದು ಕೇಳಿ ಸಾರಿನ ಸೌಟು ಮುಂದಕ್ಕೆ ದಾಟಿಸಿದಳು.

ಇಷ್ಟು ಜನರನ್ನು ದಾಟಿಸಿದವಳು ಸ್ವಂತ ಮಕ್ಕಳನ್ನೇ ಗುರಿ ಮುಟ್ಟಿಸಲಾಗದೆ ತಿರುಗಿ ಬಂದದ್ದು ಎರಡು ಸಾವಿರದ ಆರರ ಜುಲೈಯಲ್ಲಿ.

ಅಜಯನಿಗೆ ಆಗ ಎಂಟು. ತರಗತಿಯ ಅರ್ಧ ಮಕ್ಕಳು ಹಿಮ ನೋಡಿದ್ದರು, ಇವನು ಫ್ರಿಜ್ಜಿನೊಳಗಿನದು ಮಾತ್ರ ನೋಡಿದ್ದ. ಚಳಿಗಾಲದ ರಜೆಯ ಮೊದಲ ಶನಿವಾರ ಹಿಮ ಬೀಳುವ ಬೆಟ್ಟಕ್ಕೆ ಹೋಗುವುದೆಂದು ಪ್ರಮೋದ ಗೊತ್ತು ಮಾಡಿದ. ಮೆಲ್ಬರ್ನಿನಲ್ಲಿದ್ದ ಜಯಲಕ್ಷ್ಮಿಯ ತಮ್ಮ ಗೋಪೀನಾಥ ತನ್ನ ಸಂಸಾರದೊಂದಿಗೆ ಆ ಕಡೆಯಿಂದ ಬಂದು ಬೆಟ್ಟದ ಮೇಲೆ ಕೂಡುವುದೆಂದೂ ಮಾತಾಯಿತು. ಅಜಯ್ ನೀಲಿ ಬಣ್ಣದ ಐಸ್ ಪೆಟ್ಟಿಗೆಯೊಂದನ್ನು ತೊಡೆಯ ಮೇಲೆ ಇಟ್ಟುಕೊಂಡು ಕಾರು ಹತ್ತಿದ. ಅದರ ತುಂಬ ಹಿಮ ತಂದು ತರಗತಿಗೆ ತೋರಿಸುವುದು ಅವನ ಲೆಕ್ಕ.

ಸಿಡ್ನಿಯ ಅರ್ಧ ಊರಿಗೂ ಅದೇ ಶನಿವಾರ ಹೊಳೆದಿತ್ತು. ಬೆಟ್ಟದ ದಾರಿಯ ಕೂಮಾ ಪೇಟೆಯಲ್ಲಿ ಸ್ಕೀ ಬೂಟು ಬಾಡಿಗೆಗೆ ಒಂದು ಸಾಲು, ಪೆಟ್ರೋಲಿಗೆ ಒಂದು ಸಾಲು, ಬೆಟ್ಟದ ಬುಡದ ನ್ಯಾಷನಲ್ ಪಾರ್ಕಿನ ಗೇಟಿನಲ್ಲಿ ಕಣ್ಣು ಮುಟ್ಟುವ ತನಕ ಒಂದು ಸಾಲು. ಗೇಟಿಗೆ ಇನ್ನೂ ಹನ್ನೆರಡು ಕಾರು ಇರುವಾಗ ಹಳದಿ ಅಂಗಿಯವನೊಬ್ಬ ಬಂದು, ಮೇಲೆ ಜಾಗ ತುಂಬಿದೆ, ತಿರುಗಿಸಿ ಎಂದು ಕೈ ಬೀಸಿದ. ಅಜಯ್ ಅಳಲಿಲ್ಲ. ಪೆಟ್ಟಿಗೆಯ ಮುಚ್ಚಳ ತೆಗೆದು ಒಳಗೆ ನೋಡಿದ, ಮತ್ತೆ ಮುಚ್ಚಿದ. ಅತ್ತಿದ್ದರೆ ಜಯಲಕ್ಷ್ಮಿಗೆ ಅಷ್ಟು ಚುಚ್ಚುತ್ತಿರಲಿಲ್ಲವೇನೋ.

ಅಂದು ಸಂಜೆ ಬೆಟ್ಟದ ಮೇಲಿನಿಂದ ಗೋಪೀನಾಥನ ಫೋನು. "ಅಕ್ಕಾ, ಮುತ್ತಜ್ಜ ತುಂಬಿದ ಹೊಳಿ ದಾಟಿಸಿದ. ನೀನು ಒಂದು ಗೇಟು ದಾಟಲಿಲ್ಲಲ್ಲ."

"ಹಲ್ಲು ಮುಚ್ಕೋ. ಗಾಳಿ ಹೋದೀತು" ಎಂದಳು. ಆದರೆ ಮಾತು ಮುಳ್ಳಾಗಿ ಒಳಗೆ ಉಳಿಯಿತು. ಮುಂದಿನ ವರ್ಷ ಇದೇ ಮಗನ ಪೆಟ್ಟಿಗೆ ತುಂಬದಿದ್ದರೆ ತಾನು ಕಲ್ಲಯ್ಯನ ಮರಿಮಗಳಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ವರ್ಷ ತಿರುಗಿತು. ಏಪ್ರಿಲ್ ತಿಂಗಳಿಗೇ ಅಡಿಗೆಮನೆಯ ಗೋಡೆಯ ಮೇಲೆ ಎರಡು ಕ್ಯಾಲೆಂಡರ್ ಅಕ್ಕಪಕ್ಕ ಏರಿದವು. ಒಂದು ಡಿಪೋದಲ್ಲಿ ಕೊಟ್ಟದ್ದು, ಇನ್ನೊಂದು ಊರಿಂದ ಬಂದ ಪಂಚಾಂಗದ್ದು. ಶಾಲೆಯ ದಿನಗಳನ್ನು ಶಾಲೆಯ ಹೆಡ್‌ಮಾಸ್ತರಿಗಿಂತ ಬಸ್ಸಿನವರು ಚೆನ್ನಾಗಿ ಬಲ್ಲರು. ಮಕ್ಕಳ ಟ್ರಿಪ್ಪು ಯಾವ ದಿನ ಉಂಟು, ಯಾವ ದಿನ ಇಲ್ಲ ಎಂಬುದರ ಮೇಲೆ ಅವರ ನಿದ್ದೆ ನಿಂತಿರುತ್ತದೆ. ಜಯಲಕ್ಷ್ಮಿಗೆ ಗೊತ್ತಿದ್ದ ಸಂಗತಿ ಇದು: ರಜೆ ಭಾನುವಾರ ಮುಗಿಯಿತೆಂದು ಊರೆಲ್ಲ ಗಂಟು ಕಟ್ಟಿಕೊಂಡು ಬೆಟ್ಟ ಇಳಿಯುತ್ತದೆ. ಆದರೆ ಸೋಮವಾರ ಶಾಲೆಗೆ ಹೋಗುವವರು ಮೇಷ್ಟರುಗಳು ಮಾತ್ರ. ಮಕ್ಕಳಿಗೆ ಮಂಗಳವಾರದಿಂದ ಪಾಠ. ಮೆಲ್ಬರ್ನಿನ ಮಕ್ಕಳಿಗಂತೂ ಆ ವರ್ಷ ಅದೇ ಸೋಮವಾರ ಶಾಲೆ ಶುರು. ಎಂದರೆ ಆ ಒಂದು ದಿನ ಬೆಟ್ಟ ಬೋಳು. ಡಿಪೋದಲ್ಲಿ ಅದಕ್ಕೆ ಬೇರೆ ಹೆಸರಿತ್ತು. ಅವಳು ಮೇಷ್ಟರ ಸೋಮವಾರ ಎಂದು ಹೆಸರಿಟ್ಟಳು.

ಪಂಚಾಂಗ ನೋಡಿದಾಗ ಇನ್ನೂ ನೆಮ್ಮದಿಯಾಯಿತು. ಹೊರಡಬೇಕಾದ ಭಾನುವಾರ ಅಮಾವಾಸ್ಯೆಯ ಮಾರನೆಯ ಪಾಡ್ಯ, ಮೇಲೆ ಆಷಾಢದ ಮೊದಲ ದಿನ. "ಪಾಡ್ಯಕ್ಕೆ ನಮ್ಮೋರು ಹಾಲಿನ ಅಂಗಡಿಗೂ ಹೊರಡಂಗಿಲ್ಲ" ಎಂದು ಗಂಡನಿಗೆ ಹೇಳಿದಳು. "ಬಿಳಿಯರು ಇಳಿದಿರ್ತಾರೆ, ನಮ್ಮೋರು ಏರಿರಂಗಿಲ್ಲ. ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ."

"ನಾನ್ಯಾಕೆ ಬಿಡ್ಲಿ ಜಯಾ" ಎಂದ ಪ್ರಮೋದ. ಒಳ್ಳೆಯ ಗಂಡಸು, ಹೊಟ್ಟೆಯಲ್ಲಿ ಅನ್ನ ನಿಂತರೂ ಮಾತು ನಿಲ್ಲದು.

ಕೂಮಾದಲ್ಲಿ ಮೋಟೆಲ್ಲಿನ ಕೋಣೆ ಬುಕ್ ಆಯಿತು. ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಅಜಯನಿಗೆ ಸ್ಕೀ ಕಲಿಸುವ ಪಾಠವೂ ಬುಕ್ ಆಯಿತು. ಉಳಿದದ್ದು ಚೈನು. ಹಿಮ ಬಿದ್ದ ದಿನ ಆ ಬೆಟ್ಟದ ದಾರಿಯಲ್ಲಿ ಸಾದಾ ಕಾರುಗಳ ಚಕ್ರಕ್ಕೆ ಕಬ್ಬಿಣದ ಚೈನು ಬಿಗಿಯದೆ ಮುಂದೆ ಬಿಡುವುದಿಲ್ಲ. ಬಹಳ ಜನ ಬಾಡಿಗೆಗೆ ತಂದು, ಚೀಲ ಬಿಚ್ಚದೆ ಡಿಕ್ಕಿಯಲ್ಲಿ ಇಟ್ಟು, ಹಾಗೇ ವಾಪಸು ಕೊಡುತ್ತಾರೆ. ಜಯಲಕ್ಷ್ಮಿ ಒಂದು ಜೊತೆ ಕೊಂಡೇ ತಂದಳು. ಮೂರು ಭಾನುವಾರ ಮನೆಯ ಮುಂದೆ ಮಂಡಿಯೂರಿ ಅಭ್ಯಾಸ ನಡೆಯಿತು. ಚೈನನ್ನು ಚಕ್ರದ ಮೇಲೆ ಹೊದೆಸುವುದು, ಒಳಬದಿಯ ಕೊಕ್ಕೆಯನ್ನು ಕಣ್ಣಿಲ್ಲದೆ ಬೆರಳಿನಿಂದ ಹುಡುಕಿ ಸಿಕ್ಕಿಸುವುದು, ಹೊರಬದಿ ಎಳೆದು ಕಟ್ಟುವುದು, ಕಾರನ್ನು ನಾಲ್ಕು ಮಾರು ಓಡಿಸಿ ಮತ್ತೆ ಬಿಗಿಯುವುದು. ಮೊದಲ ದಿನ ಮುಕ್ಕಾಲು ಗಂಟೆ. ಮೂರನೆಯ ಭಾನುವಾರ ಏಳು ನಿಮಿಷ.

ಎದುರು ಮನೆಯ ಶ್ರೀವಿದ್ಯಾ ಕಸದ ಡಬ್ಬಿ ಹೊರಗಿಡಲು ಬಂದವಳು ನಿಂತು ನೋಡಿದಳು. "ಏನ್ ಆಂಟಿ, ಬಿಸಿಲಲ್ಲಿ ಕಾರಿಗೆ ಗೆಜ್ಜೆ ಕಟ್ತಿದೀರಾ?"

"ಲಾಳ ಕಟ್ಟಾಕತ್ತೀನಿ. ದಾರಿ ಬಂದಾಗ ಲಾಳ ಹುಡುಕಿದ್ರೆ ಎತ್ತು ಕುಂಟ್ತತಿ" ಎಂದಳು. ಯಾವ ದಾರಿ ಎಂದು ಮಾತ್ರ ಹೇಳಲಿಲ್ಲ.

ಗುಟ್ಟು ಒಡೆದದ್ದು ಪಂಚಾಕ್ಷರಯ್ಯನವರ ಮನೆಯ ಬಿಸಿಬೇಳೆಬಾತಿನ ಮೇಲೆ. ಪಂಚಾಕ್ಷರಯ್ಯನವರು ಸಂಘದ ಹಿರಿಯರು, ಬೆಂಗಳೂರಿನಲ್ಲಿ ರಿಟೈರಾಗಿ ಮಗನ ಮನೆಗೆ ಬಂದು ನಿಂತವರು. ಗಿರಾವೀನಿನಲ್ಲಿ ಯಾರು ಯಾವ ಮಾತು ಆಡಿದರೂ ಕೊನೆಯ ಮಾತು ಅವರದ್ದು. ಜಯಲಕ್ಷ್ಮಿಗೆ ಅಂದು ಡ್ಯೂಟಿ. ಎರಡನೆಯ ಸಲ ತುಪ್ಪ ಬಿದ್ದ ಮೇಲೆ ಪ್ರಮೋದನ ನಾಲಿಗೆ ಸಡಿಲವಾಯಿತು. ಹೆಂಡತಿಯ ಬುದ್ಧಿಯನ್ನು ಹೊಗಳಲು ಹೋಗಿ ದಿನ, ಊರು, ಮೋಟೆಲ್ಲು, ಹೊರಡುವ ಗಂಟೆ, ಒಂದೂ ಬಿಡದೆ ಬಡಿಸಿದ.

"ಆದ್ರೆ ಅವತ್ತು ಪಾಡ್ಯ ಅಲ್ವಾ, ಆಷಾಢ ಬೇರೆ" ಎಂದು ಯಾರೋ ಅನುಮಾನಿಸಿದರು.

ಪಂಚಾಕ್ಷರಯ್ಯನವರು ಹಪ್ಪಳ ಮುರಿದು ತೀರ್ಪು ಕೊಟ್ಟರು. "ಈ ದೇಶದಲ್ಲಿ ಬೇಸಿಗೆ ಡಿಸೆಂಬರಿಗೆ ಬರತ್ತೆ. ಆಷಾಢ ಮಾತ್ರ ಜುಲೈಗೆ ಹೇಗ್ರೀ ಬರತ್ತೆ? ಧಾರಾಳವಾಗಿ ಹೋಗಬಹುದು."

ಅಂದು ಮನೆಗೆ ಬಂದ ಪ್ರಮೋದ ಎಂದಿಗಿಂತ ಮೆತ್ತಗಿದ್ದ. ತಾನೇ ಪಾತ್ರೆ ತೊಳೆದ. ಜಯಲಕ್ಷ್ಮಿ ದಣಿದಿದ್ದಾನೆಂದುಕೊಂಡಳು.

ಭಾನುವಾರ ಮಧ್ಯಾಹ್ನ ಹೊರಟರು. ದಾರಿಯುದ್ದಕ್ಕೂ ಎದುರಿನಿಂದ ಬರುವ ಕಾರುಗಳದೇ ಸಾಲು, ನೆತ್ತಿಯ ಮೇಲೆ ಸ್ಕೀ ಹಲಗೆ ಕಟ್ಟಿಕೊಂಡು ಇರುವೆ ಸಾಲಿನ ಹಾಗೆ. ಇವರ ಕಡೆಯ ರಸ್ತೆ ಹಾಸಿದ ಹಾಗೆ ಖಾಲಿಯಿತ್ತು. ಜಯಲಕ್ಷ್ಮಿ ಸಣ್ಣಗೆ ಗುನುಗಿಕೊಂಡಳು. ಹಿಂದಿನ ಸೀಟಿನಲ್ಲಿ ಅಜಯ್, ತೊಡೆಯ ಮೇಲೆ ನೀಲಿ ಪೆಟ್ಟಿಗೆ. ಹದಿನಾಲ್ಕರ ನಿವೇದಿತಾ ಕಿವಿಗೆ ಹಾಡು ಸಿಕ್ಕಿಸಿಕೊಂಡು ಮಲಗಿದ್ದಳು.

ಸಂಜೆ ಕೂಮಾದ ಮೋಟೆಲ್ಲಿನ ಅಂಗಳಕ್ಕೆ ತಿರುಗಿಸುತ್ತಲೇ ಗುನುಗು ನಿಂತಿತು. ಶ್ರೀವಿದ್ಯಾಳ ಬಿಳಿ ಕಾರು. ಅದರ ಪಕ್ಕ ಪಂಚಾಕ್ಷರಯ್ಯನವರ ಮಗನ ಕಾರು. ಅದರಾಚೆ ನಾಲ್ಕು, ಈಚೆ ಐದು, ಎಲ್ಲವೂ ಗುರುತಿನವು. ಯಾವುದೋ ಕೋಣೆಯಿಂದ ಒಗ್ಗರಣೆಯ ಇಂಗಿನ ವಾಸನೆ ಅಂಗಳಕ್ಕೆ ಬರುತ್ತಿತ್ತು.

ಅವಳು ಗಂಡನ ಮುಖ ನೋಡಿದಳು. ಪ್ರಮೋದ ಸೀಟ್ ಬೆಲ್ಟಿನ ಗುಂಡಿ ಹುಡುಕುತ್ತಿದ್ದ.

"ಒಬ್ರಿಗೆ ಹೇಳ್ದೆ ಕಣೆ. ಅವರು ಹತ್ತು ಜನಕ್ಕೆ ಹೇಳಿದ್ರು."

"ಗುಂಪು ತಪ್ಪಿಸಾಕ ಹೊರಟವಳ ಬೆನ್ನಿಗೆ ಗುಂಪನ್ನೇ ಕಟ್ಟಿದ್ರಲ್ರೀ."

ಅಷ್ಟರಲ್ಲಿ ಪಂಚಾಕ್ಷರಯ್ಯನವರು ಮಂಗನ ಟೋಪಿ ಹಾಕಿಕೊಂಡು ಹೊರಗೆ ಬಂದರು. "ಬಾಮ್ಮ ಜಯಲಕ್ಷ್ಮಿ. ನಿನ್ನ ಪ್ಲಾನ್ ಅಂದ್ರೆ ಪ್ಲಾನು. ರೋಡಲ್ಲಿ ಒಂದು ನರಪಿಳ್ಳೆ ಇರ್ಲಿಲ್ಲ ನೋಡು."

"ಎಲ್ಲಾ ಇಲ್ಲೇ ಅದಾವಲ್ರಿ ಅಂಕಲ್, ಅದಕ್ಕೆ" ಎಂದಳು.

ಆದರೂ ಅವಳಿಗೊಂದು ಧೈರ್ಯವಿತ್ತು. ಸಂಘದವರು ಆರಕ್ಕೆಂದರೆ ಎಂಟಕ್ಕೆ ಹಲ್ಲುಜ್ಜುವ ಜನ. ತಾನು ಆರಕ್ಕೆ ಹೊರಟುಬಿಟ್ಟರೆ ಇವರು ಉಪ್ಪಿಟ್ಟು ತಿಂದು, ಫೋಟೋ ತೆಗೆಸಿಕೊಂಡು, ಮರೆತ ಕೈಗವಸಿಗೆ ಹಿಂದಿರುಗಿ ಬರುವಷ್ಟರಲ್ಲಿ ಅಜಯನ ಪಾಠವೇ ಮುಗಿದಿರುತ್ತದೆ. ಹಾಗೆಂದುಕೊಂಡು ಮಲಗಿದಳು. ಬೆಳಗ್ಗೆ ಆರಕ್ಕೆ ಬಾಗಿಲು ತೆರೆದರೆ ಹನ್ನೊಂದು ಕಾರುಗಳ ಇಂಜಿನ್ನೂ ಹೊಗೆ ಉಗುಳುತ್ತ ನಿಂತಿದ್ದವು. ಸಂಘ ಹುಟ್ಟಿದಾಗಿನಿಂದ ಹೇಳಿದ ಹೊತ್ತಿಗೆ ಎಲ್ಲರೂ ನೆರೆದದ್ದು ಅದೇ ಮೊದಲು.

"ನೀವು ದಾರಿ ತೋರ್ಸಿ ಆಂಟಿ, ನಾವು ಹಿಂದೇನೇ ಇರ್ತೀವಿ" ಎಂದಳು ಶ್ರೀವಿದ್ಯಾ, ಒಂದು ವರ್ಷದ ಕೂಸನ್ನು ಹಿಂದಿನ ಸೀಟಿಗೆ ಕಟ್ಟುತ್ತ.

ಜಯಲಕ್ಷ್ಮಿ ಕಾರು ಹತ್ತಿದಳು. ಜಿಂಡಬೈನ್ ಊರು ದಾಟಿ ಪಾರ್ಕಿನ ಗೇಟಿಗೆ ಬಂದಾಗ ಮುಂದೆ ಒಂದೂ ಕಾರಿರಲಿಲ್ಲ. ಹೋದ ವರ್ಷ ಎದೆಗೆ ಒದ್ದ ಗೇಟು ಈ ಸಲ ತೆರೆದ ಬಾಯಿ ಮುಚ್ಚಲಿಲ್ಲ. ಏರು ಹತ್ತುತ್ತಿದ್ದಂತೆ ಗಾಜಿನ ಮೇಲೆ ಅರಳೆಯಂಥದ್ದು ಬಂದು ಕೂತಿತು. ಆಮೇಲೆ ಇನ್ನೊಂದು. ತಿರುವಿನಲ್ಲಿ ಮಾರ್ಗ ಕಾಯುವವನೊಬ್ಬ ಕೆಂಪು ಹಲಗೆ ಹಿಡಿದು ನಿಂತಿದ್ದ. ಚೈನು ಹಾಕದ ಕಾರುಗಳು ಪಕ್ಕಕ್ಕೆ ಬರಬೇಕು, ಮೇಲೆ ಗಾಳಿ ಜೋರಾಗುತ್ತಿದೆ, ಹತ್ತೂವರೆಯ ಮೇಲೆ ದಾರಿ ಮುಚ್ಚಿದರೂ ಮುಚ್ಚಬಹುದು ಎಂದ.

ಜಯಲಕ್ಷ್ಮಿ ಇಳಿದಳು, ಹಳೆಯ ರಗ್ಗು ಹಾಸಿ ಮಂಡಿಯೂರಿದಳು. ಏಳು ನಿಮಿಷಕ್ಕೆ ಎರಡು ಚಕ್ರಕ್ಕೂ ಚೈನು ಕೂತಿತು. ಮಾರ್ಗದವನು ನೋಡಿ ಹೆಬ್ಬೆರಳೆತ್ತಿದ.

"ನಡಿ ನಡಿ ಜಯಾ" ಎಂದ ಪ್ರಮೋದ. "ಎಂಟೂ ಕಾಲು. ಒಂಬತ್ತರ ಪಾಠಕ್ಕೆ ಸರಿಯಾಗಿ ಹೋಗ್ಬಹುದು."

ಅವಳು ಹಿಂದೆ ತಿರುಗಿದಳು. ಹನ್ನೊಂದರಲ್ಲಿ, ನಾಲ್ಕೂ ಗಾಲಿಗೆ ಇಂಜಿನ್ನಿನ ಎಳೆತವಿದ್ದ ನಾಲ್ಕು ದೊಡ್ಡ ಕಾರುಗಳಿಗೆ ಚೈನು ಬೇಕಿರಲಿಲ್ಲ, ಅವು ಸರಿದು ಮೇಲೆ ಹೋಗಿದ್ದವು. ಉಳಿದ ಏಳು ಸಾಲಾಗಿ ನಿಂತಿದ್ದವು. ಬಾಡಿಗೆಯ ಚೈನಿನ ಚೀಲಗಳು ಆಗ ತಾನೇ ಬಿಚ್ಚಿಕೊಳ್ಳುತ್ತಿದ್ದವು. ಒಬ್ಬ ಚೈನನ್ನು ಮಾಲೆಯಂತೆ ಎತ್ತಿ ಹಿಡಿದು ಯಾವ ಬದಿ ಯಾವುದೆಂದು ನೋಡುತ್ತಿದ್ದ. ಪಂಚಾಕ್ಷರಯ್ಯನವರ ಮಗ ಹಿಂದಿನ ಚಕ್ರಕ್ಕೆ ಕಟ್ಟುತ್ತಿದ್ದ, ಆದರೆ ಆ ಕಾರನ್ನು ಎಳೆಯುವ ಚಕ್ರ ಮುಂದಿನದು. ಪಂಚಾಕ್ಷರಯ್ಯನವರು ಕಾರಿನೊಳಗಿಂದ ಆದೇಶ ಕೊಡುತ್ತಿದ್ದರು. ಶ್ರೀವಿದ್ಯಾ ಅಳುವ ಕೂಸನ್ನು ಎತ್ತಿಕೊಂಡು, ಒದ್ದೆ ಡಾಂಬರಿನ ಮೇಲೆ ಕೂತ ಗಂಡನನ್ನು ನೋಡುತ್ತ ನಿಂತಿದ್ದಳು.

ಹೀಗೆ ಬಿಟ್ಟರೆ ಇವರಲ್ಲಿ ಒಬ್ಬರೂ ಹತ್ತೂವರೆಗೆ ಮೊದಲು ಮೇಲೆ ಹೋಗಲಾರರು. ಇವರಿಗಾಗಿ ನಿಂತರೆ ಎರಡು ತಿಂಗಳ ಹಿಂದೆ ಬುಕ್ ಮಾಡಿದ ಪಾಠ ಹೋಗುತ್ತದೆ, ಮಗನಿಗೆ ಕೊಟ್ಟ ಮಾತು ಮತ್ತೊಮ್ಮೆ ತಪ್ಪುತ್ತದೆ. ಜಯಲಕ್ಷ್ಮಿ ಕಾರಿನ ಬಾಗಿಲ ಮೇಲೆ ಕೈ ಇಟ್ಟು ನಿಂತಳು. ದಡದಲ್ಲಿ ಜನ ಬಿಟ್ಟು ಬರಿಯ ಹರಿಗೋಲು ತಿರುಗಿಸಿದವರು ಅವಳ ಮನೆತನದಲ್ಲಿ ಇರಲಿಲ್ಲ. ಮಗನಿಗೆ ಇದನ್ನು ಯಾವ ಬಾಯಲ್ಲಿ ಹೇಳುವುದೆಂದು ಸೀಟಿನತ್ತ ಬಗ್ಗಿದರೆ ಸೀಟು ಖಾಲಿ.

ಅಜಯ್ ದಾರಿಯ ಪಕ್ಕದ ದಿಬ್ಬದ ಮೇಲಿದ್ದ. ಮೊಣಕಾಲಿನ ತನಕ ಬೆಳ್ಳಗಿತ್ತು ಅಲ್ಲಿ. ಎರಡು ಕೈಯಲ್ಲೂ ಬಾಚಿ ಬಾಚಿ ನೀಲಿ ಪೆಟ್ಟಿಗೆಗೆ ತುಂಬುತ್ತಿದ್ದ. ಹದಿನಾಲ್ಕರ ಗಾಂಭೀರ್ಯ ಕಾರಿನಲ್ಲಿ ಬಿಟ್ಟು ಬಂದ ನಿವೇದಿತಾ ಒಂದು ಉಂಡೆ ಕಟ್ಟಿ ತಮ್ಮನ ಬೆನ್ನಿಗೆ ಗುರಿಯಿಡುತ್ತಿದ್ದಳು.

"ಮಮ್, ಇಟ್ಸ್ ಸಾಫ್ಟ್" ಎಂದ ಅಜಯ್. "ಫ್ರಿಜ್ ತರ ಇಲ್ಲ."

"ಅಜ್ಜೂ, ಇಲ್ಲಿ ತಡ ಆಗ್ತತಿ ಕಣಪ್ಪ. ಪಾಠ ತಪ್ಪಿದ್ರೆ?"

ಅವನು ಪೆಟ್ಟಿಗೆಯ ಹಿಮವನ್ನು ಅಂಗೈಯಿಂದ ಒತ್ತಿದ. "ಕ್ಯಾನ್ ವಿ ಸ್ಟೇ ಹಿಯರ್?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮತ್ತೆ ಬಗ್ಗಿದ. ಪೆಟ್ಟಿಗೆ ಮುಕ್ಕಾಲು ತುಂಬಿತ್ತು.

ಜಯಲಕ್ಷ್ಮಿ ರಗ್ಗನ್ನು ಕಂಕುಳಿಗೆ ಸುತ್ತಿಕೊಂಡು ಸಾಲಿನ ಉದ್ದಕ್ಕೂ ನಡೆದಳು. "ಎಲ್ಲಾ ಚೈನು ಕೆಳಗಿಡ್ರಿ. ನಾನು ಬರೋ ತನ ಯಾರೂ ಮುಟ್ಟಬ್ಯಾಡ್ರಿ. ಕೂಸಿದ್ದೋರು ಮೊದಲು, ಮುದುಕರು ಆಮೇಲೆ, ಬಾಯಿ ಮಾಡೋರು ಕಡೀಗೆ."

ಪಂಚಾಕ್ಷರಯ್ಯನವರು ಗಾಜು ಇಳಿಸಿದರು. "ನಾನು ಯಾವ ಸಾಲಮ್ಮ? ಮುದುಕರದ್ದೋ, ಇನ್ನೊಂದೋ?"

"ಸುಮ್ಮನಿದ್ರೆ ಎರಡನೇದು ಅಂಕಲ್. ಇನ್ನೊಂದು ಮಾತಾಡಿದ್ರೆ ಏಳನೇದು."

ಗಾಜು ಮೇಲೇರಿತು. ಶ್ರೀವಿದ್ಯಾಳ ಕಾರು ಮೊದಲು ಹೊರಟಿತು. ಎರಡನೆಯದಾಗಿ ಪಂಚಾಕ್ಷರಯ್ಯನವರದು, ಹಿಂದಿನ ಚಕ್ರದ್ದು ಬಿಚ್ಚಿ ಮುಂದಿನದಕ್ಕೆ ಕಟ್ಟಿಸಿಕೊಂಡು. ಅವರು ದಾಟುವ ತನಕ ತುಟಿ ಪಿಟಕ್ಕೆನ್ನಲಿಲ್ಲ. ಮೂರು, ನಾಲ್ಕು. ಬಾಡಿಗೆಯ ಚೈನುಗಳು ತುಕ್ಕು ಹಿಡಿದು ಮೊಂಡಾಗಿದ್ದವು. ಗವಸು ಹಾಕಿದರೆ ಒಳಬದಿಯ ಕೊಕ್ಕೆ ಬೆರಳಿಗೆ ತಿಳಿಯದು. ಅವಳು ಗವಸು ಕಿತ್ತು ಎದೆಯೊಳಗೆ ಸಿಕ್ಕಿಸಿಕೊಂಡಳು. ಹಿಮ ಅವಳ ಬೆನ್ನ ಮೇಲೆ ಕೂರುತ್ತಿತ್ತು, ಕರಗುತ್ತಿತ್ತು. ಒಂಬತ್ತು ಗಂಟೆ ಯಾವಾಗ ಬಂತು ಯಾವಾಗ ಹೋಯಿತು ಎಂದು ಯಾರೂ ನೋಡಲಿಲ್ಲ. ದಿಬ್ಬದ ಮೇಲೆ ಅಜಯ್ ತುಂಬಿದ ಪೆಟ್ಟಿಗೆಯ ಮುಚ್ಚಳದ ಮೇಲೆ ಕೂತು, ಅಕ್ಕ ಮಾಡುತ್ತಿದ್ದ ಹಿಮದ ಬಸ್ಸಿಗೆ ಚಕ್ರ ಎಲ್ಲಿ ಬರಬೇಕೆಂದು ಹೇಳಿಕೊಡುತ್ತಿದ್ದ.

ಐದು ಹೋಯಿತು. ಇನ್ನೆರಡು ಉಳಿದವು. ಹತ್ತಕ್ಕೆ ಹತ್ತು ನಿಮಿಷವಿತ್ತು. ಪ್ರಮೋದ ಫ್ಲಾಸ್ಕಿನ ಚಹಾ ಹಿಡಿದು ಬಂದವನು ಹೆಂಡತಿಯ ಬೆರಳು ನೋಡಿ ಅಲ್ಲೇ ಕೂತ. ಗೆಣ್ಣುಗಳು ಒಡೆದು ಚೈನಿನ ಮೇಲೆ ಕೆಂಪು ಹತ್ತಿತ್ತು. ಕೊನೆಯ ಎರಡು ಕಾರಿನ ಗಂಡಸರೂ ಬಂದು ಸುತ್ತ ನಿಂತರು.

"ಸಾಕು ಜಯಾ, ಕೊಡಿಲ್ಲಿ. ನೋಡಿ ನೋಡಿ ನಮಗೂ ಬಂದಿದೆ. ಇನ್ನೆರಡು ನಾವು ಮೂವರು ಸೇರಿ ಹಾಕ್ತೀವಿ" ಎಂದು ಪ್ರಮೋದ ಚೈನಿನ ತುದಿ ಹಿಡಿದ.

ಜಯಲಕ್ಷ್ಮಿ ಚೈನನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡಳು. ಚಕ್ರದ ಹಿಂದಕ್ಕೆ ಕೈ ತೂರಿಸಿ, ಕಣ್ಣು ಮುಚ್ಚಿ ಕೊಕ್ಕೆ ಹುಡುಕುತ್ತಲೇ ಹೇಳಿದಳು:

"ಬ್ಯಾಡ್ರೀ, ಬಿಡ್ರಿ. ನಮ್ಮಜ್ಜಿ ನಡುಹೊಳ್ಯಾಗ ಹುಟ್ಟು ಯಾರ ಕೈಗೂ ಕೊಡಲಿಲ್ಲ. ನೀವು ಹೋಗಿ ಆ ಚಾ ಮಕ್ಕಳಿಗೆ ಕೊಡ್ರಿ. ಇನ್ನೆರಡೇ ಅದಾವು, ನಾನೇ ದಾಟಿಸ್ತೀನಿ."